ಅಮೆರಿಕಕ್ಕೆ ಬೆಂಬಲ, ಫ್ರಾನ್ಸಿಗೆ ವಿರೋಧ: ಎಡ್ಮಂಡ್ ಬರ್ಕ್ ನಿಜಕ್ಕೂ ಬದಲಾದನೇ?

ತುಂಗಾತೀರ

ಸಂಪ್ರದಾಯವಾದಿ ಚಿಂತಕರ ಬಗ್ಗೆ ಇಲ್ಲಿ ಮಾತು ಬಂದಾಗಲೆಲ್ಲ ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್ ಮೇಲೆ ಒಂದೇ ಆರೋಪ ಕೇಳಿಬರುತ್ತದೆ. 1775ರಲ್ಲಿ ಅಮೆರಿಕದ ವಸಾಹತುಗಳ ಪರವಾಗಿ ಬ್ರಿಟಿಷ್ ಸಂಸತ್ತಿನಲ್ಲಿ ವಾದಿಸಿದವನೇ 1790ರಲ್ಲಿ ಫ್ರಾನ್ಸಿನ ಕ್ರಾಂತಿಯ ವಿರುದ್ಧ ಇಡೀ ಪುಸ್ತಕ ಬರೆದ, ವಯಸ್ಸಾದಂತೆ ಹೆದರಿ ದೊರೆಗಳ ಕಡೆ ಹೊರಳಿದ ಅಂತ. ಅವನ ಕಾಲದಲ್ಲೂ ಇದನ್ನೇ ಅಂದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ 1791ರ ಮೇ ತಿಂಗಳ ಪತ್ರವೊಂದರಲ್ಲಿ, ಫ್ರಾನ್ಸಿನಲ್ಲಾದ ಕ್ರಾಂತಿಗಿಂತ ಬರ್ಕ್‌ನಲ್ಲಾದ ಕ್ರಾಂತಿಯೇ ತನ್ನನ್ನು ಹೆಚ್ಚು ಬೆರಗುಗೊಳಿಸಿದೆ ಎಂದು ಬರೆದ.

ನಾನು ಇದನ್ನು ಒಪ್ಪುವುದಿಲ್ಲ. ಅವನು ಎರಡು ಕಡೆಯೂ ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಯಾರ ಅಧಿಕಾರ ಕಡಿವಾಣ ಕಿತ್ತುಕೊಂಡು ಓಡುತ್ತಿದೆ?

ಅಮೆರಿಕದ ವಿಷಯ ನೋಡಿ. 1765ರಲ್ಲಿ ಕಾಗದಪತ್ರಗಳ ಮೇಲೆ ಲಂಡನ್ ತೆರಿಗೆ ಹೇರಿದ ಸ್ಟ್ಯಾಂಪ್ ಕಾಯ್ದೆಗೆ ಮುಂಚೆ ವಸಾಹತುಗಳ ಜನ ತಮ್ಮ ತಮ್ಮ ಸಭೆಗಳಲ್ಲಿ ತಾವೇ ತೆರಿಗೆ ಹಾಕಿಕೊಂಡು ಬದುಕುತ್ತಿದ್ದರು. ಲಂಡನ್ ಅವರ ತಂಟೆಗೆ ಹೆಚ್ಚು ಹೋಗುತ್ತಿರಲಿಲ್ಲ. ಹಾಗೆ ಸುಮ್ಮನೆ ಬಿಟ್ಟದ್ದೇ ವಿವೇಕ ಎಂದು ಬರ್ಕ್ ಹೊಗಳಿದ. ಹಾಗಾಗಿ ಅವನ ಕಣ್ಣಿನಲ್ಲಿ ಹೊಸದನ್ನು ತಂದವರು ಬೋಸ್ಟನ್ನಿನವರಲ್ಲ, ಸಂಸತ್ತಿನಲ್ಲಿ ಕೂತವರು. 1775ರ ಮಾರ್ಚ್ 22ರ ಭಾಷಣದಲ್ಲಿ ಅವನು ಹಕ್ಕಿನ ಚರ್ಚೆಯನ್ನೇ ಪಕ್ಕಕ್ಕೆ ಸರಿಸಿದ. ಪ್ರಜೆಗಳನ್ನು ಸಂಕಟಕ್ಕೆ ದೂಡುವ ಹಕ್ಕು ನಿಮಗಿದೆಯೇ ಎಂಬುದು ನನ್ನ ಪ್ರಶ್ನೆಯಲ್ಲ, ಅವರನ್ನು ಸುಖವಾಗಿಡುವುದು ನಿಮಗೇ ಹಿತವಲ್ಲವೇ ಎಂಬುದು ನನ್ನ ಪ್ರಶ್ನೆ ಅಂದ. ಇಡೀ ಒಂದು ಜನತೆಯ ಮೇಲೆ ದೋಷಾರೋಪ ಪಟ್ಟಿ ಬರೆಯುವುದು ಹೇಗೆಂದು ನನಗೆ ತಿಳಿಯದು ಎಂದೂ ಹೇಳಿದ. ಅದೇ ಭಾಷಣದಲ್ಲಿ ಲೆಕ್ಕವೂ ಇತ್ತು. 1704ರಲ್ಲಿ ಇಂಗ್ಲೆಂಡ್ ಇಡೀ ಜಗತ್ತಿಗೆ ಕಳಿಸಿದ ಸರಕಿನ ಬೆಲೆ ಸುಮಾರು 65 ಲಕ್ಷ ಪೌಂಡ್. 1772ರಲ್ಲಿ ಅಮೆರಿಕ, ವೆಸ್ಟ್ ಇಂಡೀಸ್ ಮತ್ತು ಆಫ್ರಿಕಾಗಳಿಗೆ ಹೋದದ್ದೇ ಸುಮಾರು 60 ಲಕ್ಷ. ಸಂಸತ್ತು ಅವನ ಮಾತಿಗೆ ಕಿವಿಗೊಡಲಿಲ್ಲ. ನಾಲ್ಕೇ ವಾರದಲ್ಲಿ, ಏಪ್ರಿಲ್ 19ರಂದು, ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿ ಅಮೆರಿಕದ ಯುದ್ಧ ಶುರುವಾಯಿತು.

ಫ್ರಾನ್ಸಿನಲ್ಲಿ ಅವನಿಗೆ ಕಂಡದ್ದು ಬೇರೆ. ದೊರೆಯ ಅಧಿಕಾರ ಕಿತ್ತುಕೊಂಡ ರಾಷ್ಟ್ರೀಯ ಸಭೆ ತಾನು ಮಾತ್ರ ಯಾವುದಕ್ಕೂ ಬದ್ಧವಲ್ಲ ಎಂದು ನಡೆದುಕೊಳ್ಳತೊಡಗಿತ್ತು. ಕಡಿವಾಣವಿಲ್ಲದ ಅಧಿಕಾರ ಲಂಡನ್ನಿನ ಮಂತ್ರಿಯ ಕೈಯಲ್ಲಿದ್ದರೂ ಪ್ಯಾರಿಸ್ಸಿನ ಸಭೆಯ ಕೈಯಲ್ಲಿದ್ದರೂ ಅವನಿಗೆ ಅಷ್ಟೇ ಭಯ. ಇದನ್ನು ನಿಲುವು ಬದಲಾವಣೆ ಅನ್ನುವುದು ಹೇಗೆ?

ಬಯಲುಸೀಮೆ

ಚೆನ್ನಾಗಿ ಬರೆದಿದ್ದೀರಿ ಸರ್, ಆದರೆ ಎರಡು ವಿಷಯ ಬಿಟ್ಟಿದ್ದೀರಿ. ಬರ್ಕ್ ಆಗ ನ್ಯೂಯಾರ್ಕ್ ಸಭೆಯ ಸಂಬಳದ ಏಜೆಂಟ್, ವರ್ಷಕ್ಕೆ 500 ಪೌಂಡ್. ಎರಡನೆಯದು, ಸ್ಟ್ಯಾಂಪ್ ಕಾಯ್ದೆ ರದ್ದಾದ 1766ರಲ್ಲೇ ಅವನ ಧಣಿ, ಆಗಿನ ಪ್ರಧಾನಿ ರಾಕಿಂಗ್‌ಹ್ಯಾಮ್‌ನ ಸರ್ಕಾರ ಇನ್ನೊಂದು ಕಾಯ್ದೆ ಮಾಡಿತು: ವಸಾಹತುಗಳ ಮೇಲೆ ಎಲ್ಲ ವಿಷಯದಲ್ಲೂ ಶಾಸನ ಮಾಡುವ ಅಧಿಕಾರ ಸಂಸತ್ತಿಗಿದೆ ಅಂತ. ಬರ್ಕ್ ಅದನ್ನು ಬೆಂಬಲಿಸಿದ. ಆ ಅಧಿಕಾರ ತಪ್ಪು ಅಂತ ಅವನು ಯಾವತ್ತೂ ಹೇಳಲಿಲ್ಲ, ಬಳಸಬೇಡಿ ಅಂದ ಅಷ್ಟೇ. ಅಂದಮೇಲೆ ಅವನು ಅಮೆರಿಕದ ಕ್ರಾಂತಿಯನ್ನು ಬೆಂಬಲಿಸಿದ ಅನ್ನುವುದೇ ಹೆಚ್ಚಾಯಿತು. ಅವನಿಗೆ ಬೇಕಿದ್ದದ್ದು ಸಾಮ್ರಾಜ್ಯ ಉಳಿಯುವುದು.

ತುಂಗಾತೀರ

ಸಾಮ್ರಾಜ್ಯ ಉಳಿಯಬೇಕು ಅನ್ನುವುದು ಅವನಿಗಿತ್ತು, ನಿಜ. ಕ್ರಾಂತಿಯನ್ನು ಕ್ರಾಂತಿಯೆಂದು ಅವನು ಎಲ್ಲೂ ಹಾಡಿ ಹೊಗಳಲಿಲ್ಲ, ಅದೂ ನಿಜ. ನಾನು ಹೇಳುತ್ತಿರುವುದೂ ಅದನ್ನೇ. ಆದರೆ ಸಂಬಳದ ಮಾತು ನಿಲ್ಲುವುದಿಲ್ಲ. 1774ರಲ್ಲಿ ಅವನನ್ನು ಆರಿಸಿದ್ದು ಬ್ರಿಸ್ಟಲ್, ಅಮೆರಿಕದ ವ್ಯಾಪಾರದಿಂದ ಬದುಕುತ್ತಿದ್ದ ಬಂದರು. ಗೆದ್ದ ದಿನವೇ ಮತದಾರರ ಮುಂದೆ ನಿಂತು, ನಿಮ್ಮ ಪ್ರತಿನಿಧಿ ನಿಮಗೆ ಕೊಡಬೇಕಾದದ್ದು ದುಡಿಮೆಯನ್ನಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ, ನಿಮ್ಮ ಅಭಿಪ್ರಾಯಕ್ಕೆ ಅದನ್ನು ಬಲಿಕೊಟ್ಟರೆ ಅವನು ನಿಮಗೆ ದ್ರೋಹ ಮಾಡಿದಂತೆ ಎಂದು ಹೇಳಿದ. ಆಮೇಲೆ ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧ ಸಡಿಲಿಸಬೇಕು, ಕ್ಯಾಥೊಲಿಕರಿಗೆ ರಿಯಾಯಿತಿ ಕೊಡಬೇಕು ಎಂದು ಹಟ ಹಿಡಿದ. ಬ್ರಿಸ್ಟಲ್ಲಿನ ವರ್ತಕರಿಗೆ ಇದು ಹಿಡಿಸಲಿಲ್ಲ. 1780ರಲ್ಲಿ ಗೆಲ್ಲುವ ಆಸೆಯಿಲ್ಲವೆಂದು ಕಣದಿಂದಲೇ ಹಿಂದೆ ಸರಿದ. ಇಂಥವನು 500 ಪೌಂಡಿಗೆ ಮಾತು ಮಾರಿಕೊಂಡ ಎಂದರೆ ನಂಬುವುದು ಕಷ್ಟ.

ಗೋಕುಲ್ ರೋಡ್

ಅಲ್ರೀ, ಇಂಗ್ಲೆಂಡಿನಾಗ 1688ರಾಗ ರಾಜನ್ನ ಓಡ್ಸಿದ್ರಲ್ಲ, ಅದು ಕ್ರಾಂತಿ ಅಲ್ಲೇನು? ಅದಕ್ಕ ಬರ್ಕ್ ಏನಂತಾನ? ತಮ್ಮ ಮನ್ಯಾಗ ಮಾಡಿದ್ದು ಪುಣ್ಯ, ಮಂದಿ ಮಾಡಿದ್ರ ಪಾಪ ಅಂದ್ರ ಹೆಂಗ್ರೀ?

ನಿವೃತ್ತ ಮೇಷ್ಟ್ರು

ಗೋಕುಲ್ ರೋಡ್ ಅವರ ಪ್ರಶ್ನೆ ಇಡೀ ಚರ್ಚೆಯ ಬುಡಕ್ಕೇ ಕೈ ಹಾಕಿದೆ. ಇತಿಹಾಸ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಬರ್ಕ್ ಮೊದಲಿನಿಂದಲೇ ಫ್ರಾನ್ಸಿನ ವಿರೋಧಿಯಾಗಿರಲಿಲ್ಲ. 1789ರ ಆಗಸ್ಟ್‌ನಲ್ಲಿ, ಅಂದರೆ ಪ್ಯಾರಿಸ್ಸಿನ ಬಾಸ್ಟಿಲ್ ಸೆರೆಮನೆ ಜನರ ಕೈಗೆ ಬಿದ್ದು ತಿಂಗಳೊಳಗೆ, ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಅವನದು ಬೆರಗು ಮಾತ್ರ. ಹೊಗಳಬೇಕೋ ತೆಗಳಬೇಕೋ ಗೊತ್ತಾಗದೆ ಇಂಗ್ಲೆಂಡ್ ನೋಡುತ್ತ ನಿಂತಿದೆ ಅನ್ನುತ್ತಾನೆ. ಅಕ್ಟೋಬರ್ 5 ಮತ್ತು 6ರಂದು ಪ್ಯಾರಿಸ್ಸಿನ ಗುಂಪು ವರ್ಸೇಲ್ಸ್ ಅರಮನೆಗೆ ನುಗ್ಗಿ ದೊರೆ, ರಾಣಿ ಇಬ್ಬರನ್ನೂ ರಾಜಧಾನಿಗೆ ಕರೆದೊಯ್ದಿತು. ನವೆಂಬರ್ 2ರಂದು ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ವಶವಾಯಿತು. ಅದಾದ ಎರಡೇ ದಿನಕ್ಕೆ ಲಂಡನ್ನಿನಲ್ಲಿ ರಿಚರ್ಡ್ ಪ್ರೈಸ್ ಎಂಬ ಪಾದ್ರಿ ಪ್ರವಚನ ಕೊಟ್ಟ. 1688ರಲ್ಲಿ ಇಂಗ್ಲಿಷರು ತಮ್ಮ ಆಳುವವರನ್ನು ತಾವೇ ಆರಿಸುವ, ತಪ್ಪು ಮಾಡಿದರೆ ಇಳಿಸುವ, ತಮ್ಮ ಸರ್ಕಾರವನ್ನು ತಾವೇ ರೂಪಿಸುವ ಹಕ್ಕು ಪಡೆದರು, ಫ್ರಾನ್ಸ್ ಅದನ್ನೇ ಮುಂದುವರಿಸಿದೆ ಎಂದ. ಬರ್ಕ್‌ಗೆ ರೇಗಿದ್ದು ಇಲ್ಲಿ. 1790ರ ನವೆಂಬರ್ 1ರಂದು ಹೊರಬಂದ ಅವನ ಪುಸ್ತಕ ಮೇಲ್ನೋಟಕ್ಕೆ ಪ್ಯಾರಿಸ್ಸಿನ ತರುಣನೊಬ್ಬನಿಗೆ ಬರೆದ ಪತ್ರ. ಆದರೆ ಅದರ ಮೊದಲ ಭಾಗದ ಬಹುಪಾಲು ಪ್ರೈಸ್‌ಗೆ ಕೊಟ್ಟ ಉತ್ತರ.

1688ರ ಬಗ್ಗೆ ಬರ್ಕ್‌ನ ವಾದ ಹೀಗೆ. ಹಳೆಯ ಕಾನೂನನ್ನು ಮುರಿದವನು ಎರಡನೆಯ ಜೇಮ್ಸ್ ದೊರೆ. ಅವನನ್ನು ಓಡಿಸಿದವರು ಅದನ್ನು ಉಳಿಸಿದರು. ವಂಶದ ಸಾಲಿನಿಂದ ತುಸುವೇ ಸರಿದು, ಅವನ ಮಗಳು ಮೇರಿ ಮತ್ತು ಅಳಿಯ ವಿಲಿಯಂರನ್ನು ಪಟ್ಟಕ್ಕೆ ತಂದರು. ಸಂಸತ್ತು, ನ್ಯಾಯಾಲಯ, ಚರ್ಚು ಎಲ್ಲ ಇದ್ದಲ್ಲೇ ಉಳಿದವು. 1791ರಲ್ಲಿ ಬರೆದ ಇನ್ನೊಂದು ಕಿರುಪುಸ್ತಕದಲ್ಲಿ ಅವನು ಅಮೆರಿಕವನ್ನೂ ಇದೇ ಸಾಲಿಗೆ ಸೇರಿಸುತ್ತಾನೆ: ಜೇಮ್ಸ್ ದೊರೆಯ ಎದುರು ಇಂಗ್ಲೆಂಡ್ ನಿಂತ ಜಾಗದಲ್ಲೇ ಇಂಗ್ಲೆಂಡಿನ ಎದುರು ಅಮೆರಿಕನ್ನರು ನಿಂತಿದ್ದರು ಅನ್ನುತ್ತಾನೆ. ಅದೇ ವರ್ಷದ ಮೇ 3ರ ಪೋಲೆಂಡಿನ ಸಂವಿಧಾನವನ್ನೂ ಅಲ್ಲೇ ಮನಸಾರೆ ಹೊಗಳುತ್ತಾನೆ. ಬದಲಾವಣೆ ಅಂದರೇ ಅವನಿಗೆ ಆಗುತ್ತಿರಲಿಲ್ಲ ಅನ್ನುವವರು ಆ ಪುಟಗಳನ್ನು ಓದಬೇಕು. ಬದಲಾಗುವ ದಾರಿಯಿಲ್ಲದ ರಾಜ್ಯಕ್ಕೆ ಉಳಿಯುವ ದಾರಿಯೂ ಇಲ್ಲ ಎಂದು ಬರೆದವನೂ ಅವನೇ.

ಇದಕ್ಕೆ ಅವನು ಕೊಟ್ಟ ಬೆಲೆ ಸಣ್ಣದಲ್ಲ. 1791ರ ಮೇ 6ರಂದು ಸಂಸತ್ತಿನಲ್ಲಿ ಎಲ್ಲರೆದುರು, ಫ್ರಾನ್ಸಿನ ಕ್ರಾಂತಿಯನ್ನು ಮೆಚ್ಚಿದ್ದ, ಕಾಲು ಶತಮಾನದ ಒಡನಾಡಿ ಚಾರ್ಲ್ಸ್ ಫಾಕ್ಸ್ ಜೊತೆಗಿನ ಗೆಳೆತನ ಮುಗಿಯಿತೆಂದು ಘೋಷಿಸಿದ. ಫಾಕ್ಸ್ ಉತ್ತರಿಸಲು ಎದ್ದು ನಿಂತು ಅತ್ತುಬಿಟ್ಟ.

ಬಯಲುಸೀಮೆ

ಮೇಷ್ಟ್ರೇ, ವಿವರಕ್ಕೆ ವಂದನೆ. ಆದರೆ ಇಡೀ ವಾದ ನಿಂತಿರುವುದು ಒಂದು ಊಹೆಯ ಮೇಲೆ: ಫ್ರಾನ್ಸಿಗೂ ಉಳಿಸಿಕೊಳ್ಳಬಹುದಾದ ಹಳೆಯ ಕಾನೂನು ಇತ್ತು ಅನ್ನುವುದು. ನಿಮ್ಮದು ಪಾಳುಬಿದ್ದರೂ ಅಡಿಪಾಯ ಗಟ್ಟಿಯಿದ್ದ ಕೋಟೆ, ಗೋಡೆ ರಿಪೇರಿ ಮಾಡಬಹುದಿತ್ತು ಅಂತ ಬರ್ಕ್ ಫ್ರೆಂಚರಿಗೆ ಹೇಳುತ್ತಾನೆ. ಯಾವ ಅಡಿಪಾಯ? 1789ರ ಮೇ 5ರಂದು ಸೇರಿದ ಎಸ್ಟೇಟ್ಸ್ ಜನರಲ್, ಅಂದರೆ ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಮೂರೂ ವರ್ಗಗಳ ಪ್ರತಿನಿಧಿಗಳ ಸಭೆ, ಅದಕ್ಕೆ ಹಿಂದೆ ಸೇರಿದ್ದು 1614ರಲ್ಲಿ! ಅಮೆರಿಕನ್ನರಿಗೆ ಊರೂರಲ್ಲಿ ಸಭೆಯಿತ್ತು, ಮತ ಹಾಕಿ ಅಭ್ಯಾಸವಿತ್ತು. ಫ್ರಾನ್ಸಿನ ರೈತನಿಗೆ ಏನಿತ್ತು? ಉಪ್ಪಿನ ಮೇಲೆ ತೆರಿಗೆ, ಚರ್ಚಿಗೆ ದಶಾಂಶ, ಜಮೀನ್ದಾರನಿಗೆ ಕಾಣಿಕೆ. ಅವನು ತೆರುವ ಹಲವು ತೆರಿಗೆಗಳಿಂದ ಶ್ರೀಮಂತನಿಗೆ ವಿನಾಯಿತಿ.

ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಕೃಷಿ ತಜ್ಞ ಅದೇ ಹೊತ್ತಿನಲ್ಲಿ ಫ್ರಾನ್ಸ್ ಸುತ್ತುತ್ತಿದ್ದ. 1789ರ ಜುಲೈ 12ರಂದು, ಬಾಸ್ಟಿಲ್ ಬೀಳುವುದಕ್ಕೆ ಎರಡು ದಿನ ಮೊದಲು, ಬೆಟ್ಟ ಹತ್ತುವಾಗ ಒಬ್ಬ ಬಡ ಹೆಂಗಸು ಜೊತೆಯಾದಳು. ಬೆನ್ನು ಬಾಗಿ, ಮುಖ ಸುಕ್ಕುಗಟ್ಟಿ, ದೂರದಿಂದ ಅರವತ್ತು ಎಪ್ಪತ್ತರ ಮುದುಕಿಯಂತೆ ಕಂಡಳಂತೆ. ತನಗೆ 28 ವರ್ಷ ಅಂದಳು. ಬರ್ಕ್‌ನ ಪುಸ್ತಕದಲ್ಲಿ ಮರೀ ಆಂಟ್ವನೆಟ್ ರಾಣಿಗೆ ಇಡೀ ಪುಟಗಳ ಕಣ್ಣೀರಿದೆ. ಈ ಹೆಂಗಸಿಗೆ ಒಂದು ಸಾಲಿಲ್ಲ. ಪುಸ್ತಕ ಬಂದ ತಿಂಗಳೊಳಗೆ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇದನ್ನೇ ಎತ್ತಿ ಆಡಿದಳು: ರಾಣಿಯರ ಪತನಕ್ಕೆ ಅಳುವ ನೀವು ದುಡಿಯುವ ತಾಯಂದಿರಿಗೆ ಅಳುವುದಿಲ್ಲ ಅಂತ. ಅಮೆರಿಕದ ಕ್ರಾಂತಿಯ ಪರವಾಗಿ ಬರೆದಿದ್ದ ಥಾಮಸ್ ಪೇನ್ ಇನ್ನೂ ಚುಚ್ಚಿ ಹೇಳಿದ, ಇವನು ಗರಿಗಳಿಗಾಗಿ ಮರುಗಿ ಸಾಯುತ್ತಿರುವ ಹಕ್ಕಿಯನ್ನು ಮರೆಯುತ್ತಾನೆ ಎಂದು. ನನಗೆ ಆ ಒಂದು ಮಾತು ಬರ್ಕ್‌ನ ಇಡೀ ಪುಸ್ತಕಕ್ಕಿಂತ ಭಾರ.

ತುಂಗಾತೀರ

ಆ ಹೆಂಗಸಿನ ವಿಷಯಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಬರ್ಕ್ ಫ್ರಾನ್ಸನ್ನು ಕಣ್ಣಾರೆ ಕಂಡದ್ದು 1773ರಲ್ಲಿ, ಅದೂ ವರ್ಸೇಲ್ಸ್, ಪ್ಯಾರಿಸ್ಸಿನ ಬೈಠಕ್ಕುಗಳು. ಹಳ್ಳಿಯ ಫ್ರಾನ್ಸ್ ಅವನಿಗೆ ಗೊತ್ತಿರಲಿಲ್ಲ.

ಆದರೆ ಅದೇ ಆರ್ಥರ್ ಯಂಗ್ ಮುಂದೇನಾದ ಎಂಬುದನ್ನೂ ಹೇಳಬೇಕು. 1793ರ ಹೊತ್ತಿಗೆ ಅವನು ಫ್ರಾನ್ಸಿನಿಂದ ಬ್ರಿಟನ್ ಎಚ್ಚರಿಕೆ ಕಲಿಯಬೇಕು ಎಂದು ಬರೆಯುತ್ತಿದ್ದ. ಬರ್ಕ್‌ಗೆ ಅತ್ಯಂತ ಗಂಭೀರ ಉತ್ತರ ಬರೆದವರಲ್ಲೊಬ್ಬ ಜೇಮ್ಸ್ ಮ್ಯಾಕಿಂಟಾಷ್, 1791ರಲ್ಲಿ. ಕೆಲವೇ ವರ್ಷಗಳಲ್ಲಿ ಅವನೂ ಬರ್ಕ್‌ನ ಕಡೆ ವಾಲಿದ. 1804ರಲ್ಲಿ ನ್ಯಾಯಾಧೀಶನಾಗಿ ಬೊಂಬಾಯಿಗೆ ಬಂದು ಅಲ್ಲಿ ಸಾಹಿತ್ಯ ಸಂಘ ಕಟ್ಟಿದವನು ಇವನೇ. ಈ ಜನ ಯಾಕೆ ಮನಸ್ಸು ಬದಲಿಸಿದರು? ಬರ್ಕ್ ಬರೆದದ್ದು 1790ರಲ್ಲಿ. ದೊರೆ ಇನ್ನೂ ಸಿಂಹಾಸನದ ಮೇಲಿದ್ದ, ತಲೆ ಕಡಿಯುವ ಗಿಲೋಟಿನ್ ಯಂತ್ರ ಇನ್ನೂ ಬಂದಿರಲಿಲ್ಲ, ಇಂಗ್ಲೆಂಡಿನ ವಿದ್ಯಾವಂತರಲ್ಲಿ ಬಹಳ ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಆಗಲೇ ಅವನು, ಅಧಿಕಾರದ ಎಲ್ಲ ಕಟ್ಟು ಸಡಿಲವಾದಾಗ ಸೈನ್ಯ ಯಾರ ಮಾತೂ ಕೇಳುವುದಿಲ್ಲ, ಕೊನೆಗೆ ಸೈನಿಕರ ಮನ ಗೆಲ್ಲಬಲ್ಲ ಯಾರೋ ಜನಪ್ರಿಯ ದಂಡನಾಯಕ ಬಂದು ನಿಮ್ಮ ಸಭೆಗೂ ನಿಮ್ಮ ಇಡೀ ಗಣರಾಜ್ಯಕ್ಕೂ ಒಡೆಯನಾಗುತ್ತಾನೆ ಎಂದು ಬರೆದ. ನೆಪೋಲಿಯನ್ ಅಧಿಕಾರ ಹಿಡಿದದ್ದು 1799ರಲ್ಲಿ. ಬರ್ಕ್ 1797ರ ಜುಲೈಯಲ್ಲೇ ತೀರಿಕೊಂಡಿದ್ದ.

ಹಣದ ವಿಷಯವನ್ನಂತೂ ಯಾರೂ ಓದುವುದಿಲ್ಲ, ನನಗೆ ಅದೇ ಪುಸ್ತಕದ ಗಟ್ಟಿ ಭಾಗ. ಕಿತ್ತುಕೊಂಡ ಚರ್ಚಿನ ಜಮೀನನ್ನು ಆಧಾರವಾಗಿಟ್ಟು ಸಭೆ ಅಸಿನ್ಯಾ ಎಂಬ ಕಾಗದದ ಹಣ ಹೊರಡಿಸಿತು. ಸಾಲ ತೀರಿಸಲು ಆಸ್ತಿ ಕಿತ್ತುಕೊಳ್ಳುವುದು, ಕಿತ್ತುಕೊಂಡದ್ದನ್ನು ನೋಟು ಮಾಡುವುದು, ನೋಟು ಇಳಿದಂತೆ ಇನ್ನಷ್ಟು ಅಚ್ಚುಹಾಕುವುದು. ಲಾಭ ರೈತನಿಗಲ್ಲ, ಸಟ್ಟಾ ವ್ಯಾಪಾರಿಗೆ ಎಂದು ಬರ್ಕ್ ಎಚ್ಚರಿಸಿದ್ದ. 1796ರ ಹೊತ್ತಿಗೆ ಆ ನೋಟಿಗೆ ಬೆಲೆಯೇ ಇರಲಿಲ್ಲ, ಮುದ್ರಿಸುವುದನ್ನೇ ನಿಲ್ಲಿಸಿದರು.

ಬಯಲುಸೀಮೆ

ಭವಿಷ್ಯ ನಿಜವಾಯಿತು ಅನ್ನುವಾಗ ಯುದ್ಧವನ್ನು ಮರೆಯಬೇಡಿ. 1791ರಿಂದಲೇ ಯುರೋಪಿನ ದೊರೆಗಳು ಸೇರಿ ಫ್ರಾನ್ಸಿನ ಮೇಲೆ ಬೀಳಬೇಕು ಅಂತ ಬರ್ಕ್ ಒತ್ತಾಯ ಮಾಡುತ್ತಿದ್ದ. ಯುದ್ಧ ಸಾರಿದ್ದು 1792ರ ಏಪ್ರಿಲ್‌ನಲ್ಲಿ ಫ್ರಾನ್ಸೇ, ಒಪ್ಪುತ್ತೇನೆ. ಆದರೆ ಆ ಜುಲೈನಲ್ಲಿ ಬ್ರನ್ಸ್‌ವಿಕ್‌ನ ಡ್ಯೂಕ್, ಅಂದರೆ ಪ್ರಷ್ಯಾ ಆಸ್ಟ್ರಿಯಾಗಳ ಸೈನ್ಯದ ದಂಡನಾಯಕ, ರಾಜನ ಕುಟುಂಬಕ್ಕೆ ಏನಾದರೂ ಆದರೆ ಪ್ಯಾರಿಸ್ಸನ್ನೇ ನಾಶ ಮಾಡುತ್ತೇವೆ ಎಂದು ಬೆದರಿಸಿದ. ಸುತ್ತ ಕತ್ತಿ ಹಿರಿದು ನಿಂತ ಸೈನ್ಯಗಳಿದ್ದಾಗ ಒಳಗಿನವರು ಭೀತಿಯಲ್ಲಿ ಕ್ರೂರಿಗಳಾದರು. ಅಮೆರಿಕಕ್ಕೆ ಮೂರು ಸಾವಿರ ಮೈಲಿ ಸಮುದ್ರದ ಕಾವಲಿತ್ತು, ಫ್ರಾನ್ಸಿಗೆ ಇರಲಿಲ್ಲ. ಎರಡು ಕ್ರಾಂತಿಗಳ ಅಂತ್ಯ ಬೇರೆಯಾದದ್ದಕ್ಕೆ ಬರ್ಕ್‌ನ ತತ್ವಕ್ಕಿಂತ ಭೂಗೋಳ ದೊಡ್ಡ ಕಾರಣ.

ಕೆರೆಯಂಗಳ

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ಕಡೆಗೆ ನಿಜವಾಗಿ ಸಂಬಂಧಪಟ್ಟ ಬರ್ಕ್ ಬಗ್ಗೆ ಯಾರೂ ಮಾತೆತ್ತಲಿಲ್ಲ ಅಂತ ಬರೆಯುತ್ತಿದ್ದೇನೆ.

1785ರ ಫೆಬ್ರವರಿ 28ರಂದು ಅವನು ಆರ್ಕಾಟ್ ನವಾಬನ ಸಾಲದ ಬಗ್ಗೆ ಮಾತಾಡಿದ. ನವಾಬ ಮಹಮ್ಮದ್ ಅಲಿಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ಬಡ್ಡಿಗೆ ಸಾಲ ಕೊಟ್ಟು, ಆ ಬಡ್ಡಿಗೆ ಹಳ್ಳಿಗಳ ಕಂದಾಯವನ್ನೇ ಬರೆಸಿಕೊಂಡಿದ್ದರು. ಈ ಭಾಷಣದಲ್ಲೇ ನಮ್ಮ ಹೈದರ್ ಅಲಿ ಬರುತ್ತಾನೆ. 1780ರಲ್ಲಿ ಅವನ ಸೈನ್ಯ ಘಟ್ಟ ಇಳಿದು ಆರ್ಕಾಟ್ ಸೀಮೆಯನ್ನು ಸುಟ್ಟದ್ದನ್ನು ಬರ್ಕ್, ಬೆಟ್ಟದ ಇಳಿಜಾರಿನಲ್ಲಿ ಕವಿದು ನಿಂತು ಒಮ್ಮೆಗೇ ಸುರಿದ ಕಾರ್ಮೋಡದ ಹಾಗೆ ವರ್ಣಿಸುತ್ತಾನೆ. ಆ ಭೀಕರತೆಯನ್ನು ಮುಚ್ಚಿಡುವುದಿಲ್ಲ. ಆದರೆ ಹೈದರನನ್ನು ಹಾಗೆ ಕೆರಳಿಸಿದ್ದು ಒಪ್ಪಂದ ಮುರಿಯುವುದನ್ನೇ ಚಾಳಿ ಮಾಡಿಕೊಂಡ ಈ ಜನ ಎಂದು ನೇರವಾಗಿ ಹೇಳುತ್ತಾನೆ. ಲಂಡನ್ನಿನ ಸಂಸತ್ತಿನಲ್ಲಿ ನಿಂತು, ಶತ್ರುವೆಂದು ಎಲ್ಲರೂ ಬೈಯುತ್ತಿದ್ದ ಮೈಸೂರಿನ ದೊರೆಯ ಸಿಟ್ಟಿಗೆ ಕಾರಣವಿತ್ತು ಅನ್ನುವುದಕ್ಕೆ ಎದೆಗಾರಿಕೆ ಬೇಕು.

ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ ಭಾಷಣದ ಕೆರೆಗಳ ಭಾಗ. ಆ ಸೀಮೆಯಲ್ಲೂ ತಂಜಾವೂರಿನಲ್ಲೂ ಸೇರಿ ದೊಡ್ಡ, ಮಧ್ಯಮ ಗಾತ್ರದ ಕೆರೆಗಳೇ ಹತ್ತು ಸಾವಿರಕ್ಕೆ ಕಡಿಮೆಯಿಲ್ಲ ಅನ್ನುತ್ತಾನೆ. ಇವು ನಿಜವಾದ ದೊರೆಗಳ ಸ್ಮಾರಕಗಳು, ತಮ್ಮ ಆಯುಷ್ಯ ಮುಗಿದ ಮೇಲೂ ತಲೆತಲಾಂತರಕ್ಕೆ ಜನರನ್ನು ಪೊರೆಯಬೇಕೆಂದು ಆಸೆಪಟ್ಟವರು ಕಟ್ಟಿಸಿದ್ದು ಎಂದು ಬರೆದುಕೊಂಡಿದ್ದಾನೆ. ಐದು ವರ್ಷದ ಮೇಲೆ ಫ್ರಾನ್ಸಿನ ಬಗ್ಗೆ ಬರೆಯುವಾಗ, ಸಮಾಜ ಅಂದರೆ ಬದುಕಿರುವವರು, ಸತ್ತವರು, ಇನ್ನೂ ಹುಟ್ಟದವರು ಮೂವರೂ ಸೇರಿದ ಪಾಲುದಾರಿಕೆ ಎಂದ. ಎಲ್ಲರೂ ಉಲ್ಲೇಖಿಸುವ ಆ ಮಾತು ನನಗೆ ಅರ್ಥವಾಗುವುದು ಈ ಕೆರೆಗಳಿಂದ. ಕೆರೆ ಕಟ್ಟಿಸಿದವನು ಮೊಮ್ಮಗನ ಗದ್ದೆಗೆ ಕಟ್ಟಿಸುತ್ತಾನೆ. ಹೂಳು ತೆಗೆಯದೆ ಕಂದಾಯ ಮಾತ್ರ ವಸೂಲಿ ಮಾಡುವವನು ಮೂವರಿಗೂ ಮೋಸ ಮಾಡುತ್ತಾನೆ.

1783ರಲ್ಲೇ ಅವನು ಕಂಪನಿಯವರನ್ನು ಬೇಟೆಯಾಡಿ ಹಾರಿಹೋಗುವ ವಲಸೆ ಹಕ್ಕಿಗಳೆಂದು ಕರೆದಿದ್ದ, ಇಂಗ್ಲಿಷನು ಗಳಿಸಿದ ಪ್ರತಿಯೊಂದು ರೂಪಾಯಿಯೂ ಭಾರತಕ್ಕೆ ಎಂದೆಂದಿಗೂ ನಷ್ಟ ಎಂದಿದ್ದ. ಆಮೇಲೆ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲಿನ ಮೊಕದ್ದಮೆ, 1788ರಿಂದ 1795ರವರೆಗೆ. ಹೇಸ್ಟಿಂಗ್ಸ್ ಬಿಡುಗಡೆಯಾದ. ಏಷ್ಯಾಕ್ಕೊಂದು ನೀತಿ, ಯುರೋಪಿಗೊಂದು ನೀತಿ ಎಂಬುದಿಲ್ಲ ಎಂದು ಆ ಮೊಕದ್ದಮೆಯಲ್ಲಿ ಬರ್ಕ್ ಸಾರಿದ. ಫ್ರಾನ್ಸಿನ ಪುಸ್ತಕ ಬರೆದದ್ದು ಈ ಏಳು ವರ್ಷಗಳ ನಡುವೆಯೇ. ಪೂರ್ವದಲ್ಲಿ ಲೂಟಿ ಹೊಡೆದವರನ್ನೂ ಪ್ಯಾರಿಸ್ಸಿನ ಹೊಸ ಆಳುವವರನ್ನೂ ಅವನು ಒಂದೇ ಜಾತಿಯವರೆಂದು ನೋಡಿದ: ಆಳುವ ನೆಲದ ಜನರ ಜೊತೆ ಬಾಳದವರು, ಅವರ ಹಿಂದು ಮುಂದು ತಿಳಿಯದವರು.

ನಿವೃತ್ತ ಮೇಷ್ಟ್ರು

ಕೆರೆಯಂಗಳ ಅವರೇ, ತುಂಬ ಒಳ್ಳೆಯ ಮಾತು. ಹೊಸ ಓದುಗರಿಗೆ ಒಂದು ಸ್ಪಷ್ಟನೆ: ಬರ್ಕ್ ಆ ಭಾಷಣದಲ್ಲಿ ‘ಕರ್ನಾಟಿಕ್’ ಅನ್ನುವುದು ಘಟ್ಟದ ಕೆಳಗಿನ ಆರ್ಕಾಟ್ ಸೀಮೆಗೆ, ಇಂದಿನ ತಮಿಳುನಾಡಿನ ಉತ್ತರ ಭಾಗ ಮತ್ತು ಅದರ ಆಸುಪಾಸಿಗೆ.

ಬಯಲುಸೀಮೆ

ಈ ಭಾಗ ನನಗೆ ಗೊತ್ತಿರಲಿಲ್ಲ ಅಂತ ಅಲ್ಲ, ಆದರೆ ಹೀಗೆ ಜೋಡಿಸಿ ನೋಡಿರಲಿಲ್ಲ. ನನ್ನ ಪ್ರಶ್ನೆ ಇದರಿಂದ ಇನ್ನೂ ಚೂಪಾಗುತ್ತದೆ. ಕಾಣದ ಆರ್ಕಾಟಿನ ರೈತನ ಪರವಾಗಿ ವರ್ಷಗಟ್ಟಲೆ ಹೋರಾಡಿದವನಿಗೆ, ಕಡಲು ದಾಟಿದರೆ ಸಿಗುವ ಫ್ರಾನ್ಸಿನ ರೈತ ಯಾಕೆ ಕಾಣಲಿಲ್ಲ?

ಡಬ್ಲಿನ್ ವಾಸಿ

ಇದಕ್ಕೆ ಉತ್ತರ ಅವನು ಹುಟ್ಟಿದ ನೆಲವಾದ ಐರ್ಲೆಂಡಿನಲ್ಲಿದೆ ಅಂತ ನನಗನ್ನಿಸುತ್ತದೆ. ಕೆಲಸಕ್ಕೆಂದು ಈ ಊರಿಗೆ ಬಂದು ನೆಲೆಸಿದವಳು ನಾನು. ಇಲ್ಲಿ ಟ್ರಿನಿಟಿ ಕಾಲೇಜಿನ ಮುಂಬಾಗಿಲಿನ ಪಕ್ಕದಲ್ಲೇ ಬರ್ಕ್‌ನ ಪ್ರತಿಮೆಯಿದೆ, ಅವನು ಓದಿದ ಕಾಲೇಜು ಅದು. ಅವನ ಅಪ್ಪ ಪ್ರಾಟೆಸ್ಟೆಂಟ್ ವಕೀಲ, ಅಮ್ಮ ಕ್ಯಾಥೊಲಿಕ್. ಆಗಿನ ಕಾನೂನಿನಲ್ಲಿ ಅಮ್ಮನ ಕಡೆಯವರು ಮತ ಹಾಕುವಂತಿರಲಿಲ್ಲ, ಸಂಸತ್ತಿಗೆ ಹೋಗುವಂತಿರಲಿಲ್ಲ, ಬಹುಕಾಲ ಜಮೀನನ್ನು ಸರಿಯಾಗಿ ಕೊಳ್ಳುವಂತೆಯೂ ಇರಲಿಲ್ಲ. ಐರ್ಲೆಂಡಿನಲ್ಲಿ, ಭಾರತದಲ್ಲಿ, ಅಮೆರಿಕದಲ್ಲಿ ಆಳುವವನು ಹೊರಗಿನವನು. ಆ ನೋವು ಅವನಿಗೆ ಮನೆಯದೇ ಆಗಿತ್ತು. ಫ್ರಾನ್ಸಿನಲ್ಲಿ ಹಿಂಸಿಸುತ್ತಿದ್ದವರು ಅದೇ ನೆಲದ, ಅದೇ ಭಾಷೆಯ, ಅದೇ ಧರ್ಮದ ಒಡೆಯರು. ಹಾಗೆ ಒಳಗಿನಿಂದಲೇ ಬರುವ ದಬ್ಬಾಳಿಕೆಯನ್ನು ಗುರುತಿಸುವ ಕಣ್ಣು ಅವನಿಗೆ ಅಷ್ಟು ಪಳಗಿರಲಿಲ್ಲ. ಜೊತೆಗೆ ಅಲ್ಲಿ ಕ್ರಾಂತಿಯವರು ಮೊದಲು ಕೈಹಾಕಿದ್ದರಲ್ಲಿ ಕ್ಯಾಥೊಲಿಕ್ ಚರ್ಚೂ ಒಂದು. ಅಮ್ಮನ ಧರ್ಮವನ್ನು ಕಾನೂನು ತುಳಿಯುವುದನ್ನು ಬಾಲ್ಯದಿಂದ ಕಂಡವನಿಗೆ ಅದು ಎಲ್ಲಿ ತಾಕಿರಬೇಕು ಯೋಚಿಸಿ.

ಐರ್ಲೆಂಡಿನ ವಿಷಯದಲ್ಲಿ ಅವನ ನಿಲುವು ಕೊನೆಯವರೆಗೆ ಅಮೆರಿಕದ ಬರ್ಕ್‌ನದೇ. 1792ರಲ್ಲಿ, ಅಂದರೆ ಫ್ರಾನ್ಸಿನ ಮೇಲೆ ಕೆಂಡ ಕಾರುತ್ತಿದ್ದ ಹೊತ್ತಿನಲ್ಲೇ, ಕ್ಯಾಥೊಲಿಕರಿಗೆ ಮತ ಕೊಡಿ ಎಂದು ಉದ್ದದ ಪತ್ರ ಬರೆದ. ಅವರನ್ನು ಸಂವಿಧಾನದ ಹೊರಗಿಟ್ಟರೆ ಫ್ರಾನ್ಸಿನ ತತ್ವಗಳ ತೆಕ್ಕೆಗೆ ನೀವೇ ತಳ್ಳಿದಂತೆ ಎಂಬುದು ಅವನ ಎಚ್ಚರಿಕೆ. ಅವನ ಮಗ ರಿಚರ್ಡ್ ಆಗ ಡಬ್ಲಿನ್ನಿನ ಕ್ಯಾಥೊಲಿಕ್ ಸಮಿತಿಯ ಏಜೆಂಟ್ ಆಗಿದ್ದ. ಅವನ ನಂತರ ಆ ಕೆಲಸಕ್ಕೆ ಬಂದವನು ಮುಂದೆ ಐರ್ಲೆಂಡಿನ ಬಂಡಾಯದ ಮುಂದಾಳಾದ ವುಲ್ಫ್ ಟೋನ್! 1793ರಲ್ಲಿ ಮತ ಸಿಕ್ಕಿತು, ಸಂಸತ್ತಿನ ಬಾಗಿಲು ಮುಚ್ಚಿಯೇ ಇತ್ತು. 1795ರಲ್ಲಿ ಬರ್ಕ್‌ನ ಗೆಳೆಯ ಫಿಟ್ಸ್‌ವಿಲಿಯಂ ವೈಸ್‌ರಾಯ್ ಆಗಿ ಬಂದು ಆ ಬಾಗಿಲನ್ನೂ ತೆರೆಯಲು ಹೊರಟ, ಕೆಲವೇ ವಾರಗಳಲ್ಲಿ ಲಂಡನ್ ಅವನನ್ನು ವಾಪಸ್ ಕರೆಸಿಕೊಂಡಿತು. ಟೋನ್ ಫ್ರಾನ್ಸಿಗೆ ಹೋಗಿ ಸೈನ್ಯ ಕೇಳಿದ. 1798ರಲ್ಲಿ ಬಂಡಾಯ ಎದ್ದು ಸಾವಿರಾರು ಜನ ಸತ್ತರು. ಬರ್ಕ್ ಸತ್ತು ಆಗ ಒಂದು ವರ್ಷವೂ ಆಗಿರಲಿಲ್ಲ.

ಗೋಕುಲ್ ರೋಡ್

ಅಂದ್ರ ಅಂವ ಬರೀ ಬಂಡಾಯಗಾರರಿಗೆ ಅಷ್ಟ ಅಲ್ಲ, ಆಳೋ ಮಂದಿಗೂ ಹೇಳ್ತಿದ್ದ ಅಂತಾತು. ನಮ್ಮ ಪುಸ್ತಕದಾಗ ಇದು ಯಾಕ ಇರಲಿಲ್ರೀ?

ತುಂಗಾತೀರ

ಗೋಕುಲ್ ರೋಡ್ ಅವರೇ, ಹೌದು. 1775ರಲ್ಲಿ ಲಂಡನ್ನಿಗೆ ಹೇಳಿದ್ದೂ ಅದನ್ನೇ, 1792ರಲ್ಲಿ ಡಬ್ಲಿನ್ನಿಗೆ ಹೇಳಿದ್ದೂ ಅದನ್ನೇ: ಜನ ದಂಗೆಯೇಳುವ ಮುಂಚೆ ನೀವು ಬದಲಾಗಿ.

ಡಬ್ಲಿನ್ ವಾಸಿ ಅವರು ಹೇಳಿದ ಒಳಗಿನ ಒಡೆಯ, ಹೊರಗಿನ ಒಡೆಯ ಎಂಬ ಭೇದವನ್ನು ನಾನು ಒಪ್ಪುತ್ತೇನೆ, ಬಯಲುಸೀಮೆ ಅವರ ಪ್ರಶ್ನೆಗೆ ಇಲ್ಲಿ ಬಂದ ಉತ್ತರಗಳಲ್ಲಿ ಅದೇ ಗಟ್ಟಿಯಾದದ್ದು. ಅಮೆರಿಕಕ್ಕೆ ಒಪ್ಪಿಗೆ, ಫ್ರಾನ್ಸಿಗೆ ವಿರೋಧ ಎಂಬಲ್ಲಿ ಬರ್ಕ್‌ನ ತತ್ವ ಒಂದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆ ತತ್ವವನ್ನು ಫ್ರಾನ್ಸಿನ ಹಳ್ಳಿಯವರೆಗೆ ಒಯ್ಯಲಿಲ್ಲ ಎಂಬುದೇ ಅವನ ಮೇಲೆ ನಿಲ್ಲುವ ಆರೋಪ. 1789ರ ಆಗಸ್ಟ್ 4ರ ರಾತ್ರಿ ಸಭೆ ಜಮೀನ್ದಾರಿ ಹಕ್ಕುಗಳನ್ನು ರದ್ದು ಮಾಡಿದ್ದನ್ನು ಅವನು ಆಸ್ತಿಯ ಮೇಲಿನ ದಾಳಿಯ ಕಣ್ಣಿನಿಂದಲೇ ನೋಡಿದ. ಆರ್ಕಾಟಿನಲ್ಲಿ ಸಾಲ ಕೊಟ್ಟು ಕಂದಾಯ ಬರೆಸಿಕೊಂಡವರ ಪತ್ರಗಳನ್ನು ಆಸ್ತಿ ಎಂದು ಒಪ್ಪದವನು, ಇಲ್ಲಿ ಅದೇ ಪ್ರಶ್ನೆಯನ್ನು ಅಷ್ಟೇ ಖಾರವಾಗಿ ಕೇಳಬೇಕಿತ್ತು.

ಕೆರೆಯಂಗಳ ಅವರೇ, ಆ ಆರ್ಕಾಟ್ ಭಾಷಣದ ಕೆರೆಗಳ ಭಾಗವನ್ನು ನೀವೇ ಕನ್ನಡಕ್ಕೆ ತಂದು ಇಲ್ಲಿ ಹಾಕುವಿರಾ? ಸಾಲದ ಲೆಕ್ಕದ ಭಾಗವನ್ನು ನಾನು ಮಾಡುತ್ತೇನೆ.